ಮನೆಯಿಲ್ಲದ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದಿದೆ. ಬಾಗಿಲವರೆಗೆ ಕರೆತರುವವರು ಯಾರು?

ಬೆಂಗಳೂರಿನ ಹೊರವಲಯದ ಯಾವುದೇ ಹೊಸ ಬಡಾವಣೆಯತ್ತ ಹೊರಟರೂ ಒಂದು ನೋಟ ತಪ್ಪುವುದಿಲ್ಲ. ಮೇಲೇಳುತ್ತಿರುವ ಬಹುಮಹಡಿ ಕಟ್ಟಡ, ಅದರ ಪಕ್ಕದ ಖಾಲಿ ನಿವೇಶನದಲ್ಲಿ ನೀಲಿ ಟಾರ್ಪಾಲು ಹೊದ್ದ ಶೆಡ್ಡುಗಳ ಸಾಲು, ಶಾಲೆ ನಡೆಯುವ ಹೊತ್ತಿನಲ್ಲೇ ಮರಳ ರಾಶಿಯ ಮೇಲೆ ಆಡುತ್ತಿರುವ ಮಕ್ಕಳು. ಹುಬ್ಬಳ್ಳಿ, ಮೈಸೂರು, ಮಂಗಳೂರುಗಳಲ್ಲಿಯೂ ಈ ನೋಟ ಹೊಸದಲ್ಲ. ದೇಶದಲ್ಲಿ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕಾಗಿದೆ. ಹಾಗಿದ್ದ ಮೇಲೆ ಈ ಮಕ್ಕಳು ಶಾಲೆಯಲ್ಲಿ ಏಕಿಲ್ಲ?

ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ತಂದೆ-ತಾಯಿಗೆ ಓದಿನ ಬೆಲೆ ತಿಳಿಯದು ಎಂಬುದು ಒಂದು. ಕಾನೂನು ಕಾಗದದ ಮೇಲಷ್ಟೇ ಇದೆ ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳು. ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವ ವಿಚಾರದಲ್ಲಿ ನಮ್ಮ ಕಾನೂನು ಸಾಕಷ್ಟು ಉದಾರವಾಗಿಯೇ ಇದೆ. ಆದರೆ ಶೆಡ್ಡಿನಿಂದ ಶಾಲೆಯವರೆಗಿನ ದಾರಿಯಲ್ಲಿ ಮಗುವಿನ ಮತ್ತು ಅದರ ಕುಟುಂಬದ ಕೈಹಿಡಿಯುವ ಹೊಣೆ ಯಾರದೆಂಬುದು ಸ್ಪಷ್ಟವಾಗಿಲ್ಲ. ಸಮಸ್ಯೆಯ ಮೂಲ ಅಲ್ಲಿದೆ.

ಮನೆಯಿಲ್ಲದವರು ಎಂದರೆ ಯಾರು?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಸತಿರಹಿತರ ಸಂಖ್ಯೆ ಸುಮಾರು 17.7 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಗರವಾಸಿಗಳು. ರಸ್ತೆಬದಿ, ಕಾಲುದಾರಿ, ಮೇಲ್ಸೇತುವೆಯ ಅಡಿ, ದೊಡ್ಡ ಸಿಮೆಂಟು ಕೊಳವೆ, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರಂ ಮೊದಲಾದೆಡೆ ಬಯಲಿನಲ್ಲಿ ವಾಸಿಸುವವರನ್ನು ಜನಗಣತಿ ಈ ಗುಂಪಿಗೆ ಸೇರಿಸುತ್ತದೆ. 2011ರಲ್ಲಿ ಈ ಎಣಿಕೆ ನಡೆದದ್ದು ಫೆಬ್ರುವರಿ 28ರ ಒಂದೇ ರಾತ್ರಿ.

ತಲೆಯ ಮೇಲೊಂದು ಟಾರ್ಪಾಲು ಇರುವ ಕಟ್ಟಡ ಕಾರ್ಮಿಕರ ಕುಟುಂಬ, ಅರೆಬರೆ ಕಟ್ಟಿದ ಮನೆಯಲ್ಲೇ ಕಾವಲಿದ್ದು ವಾಸಿಸುವ ವಾಚ್‌ಮನ್‌ ಕುಟುಂಬ, ಇಟ್ಟಿಗೆ ಭಟ್ಟಿಯ ಬದಿಯ ಜೋಪಡಿಯಲ್ಲಿರುವ ಕುಟುಂಬ ಈ ಲೆಕ್ಕದೊಳಗೆ ಬರಬೇಕೆಂದಿಲ್ಲ. ಆದರೆ ಮಗುವಿನ ಓದಿನ ದೃಷ್ಟಿಯಿಂದ ನೋಡಿದರೆ ಇವರೆಲ್ಲರ ಸ್ಥಿತಿಯೂ ಒಂದೇ. ಇಂಥದೇ ವಿಳಾಸ ಎಂದು ಹೇಳಿಕೊಳ್ಳಲು ಏನೂ ಇಲ್ಲ. ಇರುವ ಜಾಗದಲ್ಲಿ ಮುಂದಿನ ತಿಂಗಳು ಇರುತ್ತೇವೆಯೇ ಎಂಬುದೂ ತಿಳಿದಿಲ್ಲ.

ಇಲ್ಲಿ ಇನ್ನೊಂದು ತಪ್ಪು ಕಲ್ಪನೆಯನ್ನೂ ನಿವಾರಿಸಿಕೊಳ್ಳಬೇಕು. ಬೀದಿಯಲ್ಲಿ ಕಾಣುವ ಮಗುವೆಲ್ಲ ಅನಾಥ ಎಂದು ಭಾವಿಸುವವರು ಹಲವರು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಬೀದಿ ಬದುಕಿನ ಮಕ್ಕಳನ್ನು ಮೂರು ಬಗೆಯಾಗಿ ವಿಂಗಡಿಸಿದೆ: ಯಾರ ಆಸರೆಯೂ ಇಲ್ಲದೆ ಒಂಟಿಯಾಗಿರುವವರು, ಹಗಲೆಲ್ಲ ಬೀದಿಯಲ್ಲಿದ್ದು ರಾತ್ರಿ ಸಮೀಪದ ಕೊಳೆಗೇರಿಯ ಮನೆಗೆ ಮರಳುವವರು, ಕುಟುಂಬದೊಂದಿಗೆ ಬೀದಿಯಲ್ಲೇ ವಾಸಿಸುವವರು. ಮೊದಲನೆಯ ಗುಂಪಿಗೆ ಆಶ್ರಯ ಮತ್ತು ಪಾಲನೆ ಬೇಕು. ಉಳಿದ ಎರಡು ಗುಂಪಿನ ಮಕ್ಕಳಿಗೆ ತಂದೆ-ತಾಯಿ ಇದ್ದಾರೆ, ಇಲ್ಲದಿರುವುದು ನೆಲೆ. ಆದುದರಿಂದ ಮಗುವನ್ನು ಕುಟುಂಬದಿಂದ ಬೇರ್ಪಡಿಸಿ ಓದಿಸುವ ಯೋಜನೆಗಳಿಂದಷ್ಟೇ ಈ ಮಕ್ಕಳ ಪ್ರಶ್ನೆ ಬಗೆಹರಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಕೆಲವು ವಿಧಿಗಳು ಇಂತಹ ಮಕ್ಕಳಿಗಾಗಿಯೇ ಬರೆದಂತಿವೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 14ನೇ ವಿಧಿ. ಪ್ರವೇಶದ ಅವಧಿ ಮುಗಿದ ಮೇಲೆ ಬಂದರೂ ಸೇರಿಸಿಕೊಳ್ಳಬೇಕು ಎನ್ನುತ್ತದೆ 15ನೇ ವಿಧಿ. ರಾಜ್ಯದೊಳಗೇ ಆಗಲಿ, ಬೇರೆ ರಾಜ್ಯಕ್ಕೇ ಆಗಲಿ, ಊರು ಬದಲಿಸಿದ ಮಗುವಿಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಪಡೆಯುವ ಹಕ್ಕನ್ನು 5ನೇ ವಿಧಿ ನೀಡುತ್ತದೆ. ಹಳೆಯ ಶಾಲೆಯಿಂದ ಟಿ.ಸಿ. ಬರುವುದು ತಡವಾದರೆ, ಆ ನೆಪದಲ್ಲಿ ಹೊಸ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಟಿ.ಸಿ. ಕೊಡಲು ವಿಳಂಬ ಮಾಡುವ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮಕ್ಕೂ ಅವಕಾಶವಿದೆ.

ಎಂದೂ ಶಾಲೆಗೆ ಹೋಗದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು 4ನೇ ವಿಧಿ ಹೇಳುತ್ತದೆ. ಹಾಗೆ ಸೇರಿದ ಮಗು ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕನ್ನೂ ಹೊಂದಿದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಈ ತರಬೇತಿಯ ಅವಧಿ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ಇಂತಹ ಮಗುವಿಗೆ 14 ವರ್ಷ ದಾಟಿದರೂ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಉಚಿತ ಕಲಿಕೆ ಮುಂದುವರಿಯಬೇಕು. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು 9ನೇ ವಿಧಿ ನೇರವಾಗಿಯೇ ಹೇಳಿದೆ.

ಆಧಾರ್ ಇಲ್ಲವೆಂಬುದೂ ಅಡ್ಡಿಯಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸ್ಪಷ್ಟಪಡಿಸಿತು.

ಹಾಗಾದರೆ ತೊಡಕು ಎಲ್ಲಿದೆ?

ಮೊದಲ ತೊಡಕು ಪಂಚಾಂಗದ್ದು. ನಮ್ಮ ಶಾಲಾ ವರ್ಷ ಜೂನ್ ಹೊತ್ತಿಗೆ ಆರಂಭವಾಗಿ ಬೇಸಿಗೆಯಲ್ಲಿ ಮುಗಿಯುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಮಳೆಯಾಶ್ರಿತ ಊರುಗಳಿಂದ ಗುಳೆ ಹೊರಡುವ ಅನೇಕ ಕುಟುಂಬಗಳು ದಸರಾ-ದೀಪಾವಳಿ ಕಳೆದು, ಮುಂಗಾರು ಬೆಳೆಯ ಕೆಲಸ ಮುಗಿದ ಮೇಲೆ ಊರು ಬಿಡುತ್ತವೆ. ಮತ್ತೆ ಬಿತ್ತನೆಯ ಹೊತ್ತಿಗೆ ಮರಳುತ್ತವೆ. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ ಹೋಗುವವರ ಲೆಕ್ಕವೂ ಹೆಚ್ಚು ಕಡಿಮೆ ಹೀಗೆಯೇ. ಶಾಲಾ ವರ್ಷವನ್ನು ಗುಳೆ ನಡುವೆ ಕತ್ತರಿಸುತ್ತದೆ. ಜೂನ್‌ನಲ್ಲಿ ಊರ ಶಾಲೆಗೆ ಸೇರಿದ ಮಗುವಿನ ಹೆಸರು ಅಲ್ಲಿನ ಹಾಜರಿ ಪುಸ್ತಕದಲ್ಲಿದೆ. ಮಗು ಮಾತ್ರ ನೂರಾರು ಕಿಲೋಮೀಟರು ದೂರದಲ್ಲಿದೆ. ಅಲ್ಲಿ ಹೆಸರಿರುವುದರಿಂದ ಅದು ಶಾಲೆ ಬಿಟ್ಟ ಮಗುವೆಂದು ಬೇಗನೆ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಹೆಸರಿಲ್ಲದಿರುವುದರಿಂದ ಅದನ್ನು ಯಾರೂ ಕರೆಯುವುದಿಲ್ಲ.

ಎರಡನೆಯದು, ಮನೆಯ ಕಿರಿಯ ಮಗು. ತಂದೆ ಗಾರೆ ಕೆಲಸಕ್ಕೆ, ತಾಯಿ ಕಲ್ಲು-ಮಣ್ಣು ಹೊರಲು ಹೋದರೆ ಒಂದೂವರೆ ವರ್ಷದ ಕೂಸನ್ನು ನೋಡಿಕೊಳ್ಳುವವರು ಯಾರು? ಹತ್ತು ವರ್ಷದ ಅಕ್ಕನೇ. ಆ ಹುಡುಗಿಗೆ ಪುಸ್ತಕ, ಸಮವಸ್ತ್ರ, ಬಿಸಿಯೂಟ ಎಲ್ಲವನ್ನೂ ಉಚಿತವಾಗಿ ಕೊಟ್ಟರೂ ಅವಳು ಶಾಲೆಗೆ ಬರಲಾರಳು. ಅವಳನ್ನು ಶಾಲೆಗೆ ಕಳುಹಿಸಲು ಬೇಕಾದದ್ದು ಕೂಸಿಗೊಂದು ಶಿಶುಪಾಲನಾ ಕೇಂದ್ರ. 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ನಿರ್ಮಾಣ ಸ್ಥಳದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ವಿಧಿಸಿತ್ತು. ಆದರೆ ಹತ್ತಿಪ್ಪತ್ತು ಮಂದಿಯಷ್ಟೇ ದುಡಿಯುವ ಸಣ್ಣಪುಟ್ಟ ಕಟ್ಟಡಗಳು ಇಂತಹ ನಿಯಮದ ಹೊರಗೇ ಉಳಿಯುತ್ತವೆ.

ಮೂರನೆಯದು ಭಾಷೆ. ರಾಯಚೂರಿನಿಂದ ಬಂದ ಮಗುವಿಗೆ ಕನ್ನಡ ಬರುತ್ತದೆ. ಒಡಿಶಾ, ಬಿಹಾರ, ಪಶ್ಚಿಮ ಬಂಗಾಳ, ಆಂಧ್ರಗಳಿಂದ ಬಂದ ಮಗುವಿಗೆ ಶಿಕ್ಷಕರ ಮೊದಲ ಮಾತೇ ಅರ್ಥವಾಗುವುದಿಲ್ಲ.

ನಾಲ್ಕನೆಯದು ವಯಸ್ಸು. ಹನ್ನೊಂದು ವರ್ಷದ ಹುಡುಗನನ್ನು ಕಾನೂನಿನಂತೆ ಐದನೆಯ ತರಗತಿಗೆ ಸೇರಿಸಿ, ವಿಶೇಷ ತರಬೇತಿ ಕೊಡದೆ ಬಿಟ್ಟರೆ, ಅಕ್ಷರ ತಿಳಿಯದ ಅವನು ಭಾಗಾಕಾರದ ಮುಂದೆ ಕುಳಿತು ಅವಮಾನ ಪಡುತ್ತಾನೆ. ಕೆಲವೇ ದಿನಗಳಲ್ಲಿ ಬರುವುದನ್ನು ನಿಲ್ಲಿಸುತ್ತಾನೆ. ಆಗ 'ಓದಲು ಮನಸ್ಸಿಲ್ಲ' ಎಂಬ ಷರಾ ಬೀಳುತ್ತದೆ.

ಐದನೆಯದು ಭಯ. ಕೈಯಲ್ಲಿ ಕಡತ ಹಿಡಿದು ಶೆಡ್ಡಿಗೆ ಬರುವ ಯಾರೇ ಆದರೂ ಜಾಗ ತೆರವು ಮಾಡಿಸುತ್ತಾರೆ, ಇಲ್ಲವೇ ಮಗುವನ್ನು ಕರೆದೊಯ್ಯುತ್ತಾರೆ ಎಂಬ ಆತಂಕ ತಂದೆ-ತಾಯಿಯರಲ್ಲಿದೆ. ಮನೆಯಾಗಲಿ, ಜೀವನೋಪಾಯವಾಗಲಿ ಇಲ್ಲದೆ ಕಂಡುಬರುವ ಮಗುವನ್ನು ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗುವೆಂದು 2015ರ ಬಾಲನ್ಯಾಯ ಕಾಯ್ದೆ ಪರಿಗಣಿಸುತ್ತದೆ ನಿಜ. ಆದರೆ ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಬಾಲಮಂದಿರದಂತಹ ಸಂಸ್ಥೆಗೆ ಸೇರಿಸುವುದು ಕೊನೆಯ ಮಾರ್ಗ ಎಂಬುದೂ ಅದೇ ಕಾಯ್ದೆಯ ತತ್ವ. ಈ ಎರಡನೆಯ ಮಾತನ್ನು ಶೆಡ್ಡಿನವರಿಗೆ ಹೇಳುವವರು ಇಲ್ಲ.

ಕರ್ನಾಟಕದಲ್ಲಿ ನಡೆದ ಪ್ರಯತ್ನಗಳು

ರಾಜ್ಯ ಕೈಕಟ್ಟಿ ಕುಳಿತಿಲ್ಲ. ಸರ್ವಶಿಕ್ಷಾ ಅಭಿಯಾನದ ದಿನಗಳಲ್ಲಿ 'ಚಿಣ್ಣರ ಅಂಗಳ' ಎಂಬ ಸೇತುಬಂಧ ಶಿಬಿರಗಳು ಶಾಲೆ ಬಿಟ್ಟ ಮಕ್ಕಳನ್ನು ಮರಳಿ ತರಗತಿಗೆ ತರಲು ಯತ್ನಿಸಿದವು. ಕಾರ್ಮಿಕರ ವಸತಿಯ ಬಳಿಯಲ್ಲೇ ಟೆಂಟ್ ಶಾಲೆಗಳು ನಡೆದವು. ತಂದೆ-ತಾಯಿ ಗುಳೆ ಹೋದ ತಿಂಗಳುಗಳಲ್ಲಿ ಮಗು ಊರಲ್ಲೇ ಉಳಿದು ಓದಲು ಹಂಗಾಮಿ ವಸತಿ ನಿಲಯಗಳ ವ್ಯವಸ್ಥೆ ಬಂತು. ಹೆಣ್ಣುಮಕ್ಕಳಿಗಾಗಿ ಕೇಂದ್ರ ಸರ್ಕಾರ 2004ರಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳನ್ನು ಆರಂಭಿಸಿತು. 2013ರಲ್ಲಿ ಕರ್ನಾಟಕ ಹೈಕೋರ್ಟು ಶಾಲೆಯಿಂದ ಹೊರಗುಳಿದ ಮಕ್ಕಳ ಕುರಿತ ಪತ್ರಿಕಾ ವರದಿಯನ್ನು ಆಧರಿಸಿ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. ಯಾರನ್ನು ಶಾಲೆ ಬಿಟ್ಟ ಮಗುವೆಂದು ಕರೆಯಬೇಕು, ಸಮೀಕ್ಷೆ ಹೇಗೆ ನಡೆಯಬೇಕು ಎಂಬ ಪ್ರಶ್ನೆಗಳು ಆ ಬಳಿಕವೇ ಗಂಭೀರ ಚರ್ಚೆಗೆ ಬಂದವು.

ಬಿಸಿಯೂಟದ ಕಥೆಯೂ ಇಲ್ಲಿ ಪ್ರಸ್ತುತ. ಆಹಾರದ ಹಕ್ಕಿಗಾಗಿ ಪಿಯುಸಿಎಲ್ ಸಂಘಟನೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಆರಂಭವಾಯಿತು. ಅದೇ ಮೊಕದ್ದಮೆಯಲ್ಲಿ 2010ರ ನಂತರ ನ್ಯಾಯಾಲಯ ನಗರಗಳ ವಸತಿರಹಿತರಿಗೆ ಆಶ್ರಯ ಕೇಂದ್ರಗಳನ್ನು ತೆರೆಯುವಂತೆಯೂ ಸರ್ಕಾರಗಳಿಗೆ ಸೂಚಿಸಿತು. 2013ರಲ್ಲಿ ಬಂದ ಕೇಂದ್ರ ಯೋಜನೆಯು ಒಂದು ಲಕ್ಷ ನಗರ ಜನಸಂಖ್ಯೆಗೆ 100 ಮಂದಿ ತಂಗಬಹುದಾದ ಒಂದು ಕೇಂದ್ರವೆಂಬ ಪ್ರಮಾಣವನ್ನೂ, ಕುಟುಂಬಗಳಿಗೆ ಪ್ರತ್ಯೇಕ ಆಶ್ರಯವಿರಬೇಕೆಂಬುದನ್ನೂ ಹೇಳಿತ್ತು. ಹಸಿವು, ಶಾಲೆ, ಸೂರು ಇವು ಬೇರೆ ಬೇರೆ ಇಲಾಖೆಗಳ ವಿಷಯಗಳಾಗಿರಬಹುದು; ನ್ಯಾಯಾಲಯದ ಮುಂದೆ ಒಂದೇ ಬದುಕಿನ ಪ್ರಶ್ನೆಗಳಾಗಿ ಬಂದವು ಎಂಬುದು ಗಮನಾರ್ಹ.

ಈ ಪ್ರಯತ್ನಗಳಲ್ಲಿ ಯಾವುದೂ ವ್ಯರ್ಥವಲ್ಲ. ಯಾವುದೊಂದೂ ಎಲ್ಲರಿಗೂ ಹೊಂದುವುದಿಲ್ಲ. ಟೆಂಟ್ ಶಾಲೆ ಮಗುವಿದ್ದಲ್ಲಿಗೇ ಹೋಗುತ್ತದೆ, ಅದು ಅದರ ಬಲ. ಆದರೆ ಕಟ್ಟಡ ಮುಗಿದ ದಿನ ಟೆಂಟೂ ಮುಗಿಯುತ್ತದೆ. ಕಲಿತದ್ದಕ್ಕೆ ಸಮೀಪದ ಸರ್ಕಾರಿ ಶಾಲೆಯ ದಾಖಲಾತಿ ಸೇರದಿದ್ದರೆ ಮುಂದಿನ ಊರಿನಲ್ಲಿ ಮಗು ಮತ್ತೆ ಮೊದಲಿನಿಂದ ಆರಂಭಿಸಬೇಕು. ಹಂಗಾಮಿ ನಿಲಯದಲ್ಲಿ ಓದು ಕಡಿಯುವುದಿಲ್ಲ, ಆದರೆ ಆರೇಳು ವರ್ಷದ ಮಗುವನ್ನು ಬಿಟ್ಟು ಹೋಗಲು ಯಾವ ತಾಯಿಗೂ ಮನಸ್ಸು ಬಾರದು. ಹಾಗಾಗಿ ವಯಸ್ಸಿಗೆ ತಕ್ಕಂತೆ ನೆರವು ಬೇರೆಯಾಗಬೇಕು. ಆರು ವರ್ಷದೊಳಗಿನವರಿಗೆ ಕೆಲಸದ ಸ್ಥಳದ ಬಳಿಯಲ್ಲೇ ಅಂಗನವಾಡಿ ಅಥವಾ ಶಿಶುಪಾಲನಾ ಕೇಂದ್ರ. ಆರರಿಂದ ಹತ್ತರವರೆಗಿನವರಿಗೆ ತಂದೆ-ತಾಯಿಯ ಜೊತೆಗಿದ್ದೇ ಹತ್ತಿರದ ಶಾಲೆ, ಅಲ್ಲಿಯೇ ವಿಶೇಷ ತರಬೇತಿ. ಅದಕ್ಕಿಂತ ದೊಡ್ಡವರಿಗೆ, ಮಗುವೂ ಪೋಷಕರೂ ಒಪ್ಪಿದರೆ, ವಸತಿ ನಿಲಯ.

ಬೇರೆಡೆಯ ಎರಡು ಪಾಠಗಳು

ಅಮೆರಿಕದಲ್ಲಿ 1987ರಲ್ಲಿ ವಸತಿರಹಿತರ ನೆರವಿಗೆಂದು ಬಂದ ಕಾಯ್ದೆಯನ್ನು ಇಂದು ಮೆಕಿನ್ನಿ-ವೆಂಟೊ ಕಾಯ್ದೆ ಎಂದು ಕರೆಯುತ್ತಾರೆ. ಬಾಡಿಗೆ ಕಟ್ಟಲಾಗದೆ ನೆಂಟರ ಮನೆಯ ಮೂಲೆಯಲ್ಲಿ ದಿನ ದೂಡುವ ಕುಟುಂಬದ ಮಗುವನ್ನೂ ಅದು ಮನೆಯಿಲ್ಲದ ಮಗುವೆಂದೇ ಎಣಿಸುತ್ತದೆ. ಈ ವಿಶಾಲ ವ್ಯಾಖ್ಯಾನದಡಿ 2021-22ರ ಶಾಲಾ ವರ್ಷದಲ್ಲಿ ಸುಮಾರು 12 ಲಕ್ಷ ವಿದ್ಯಾರ್ಥಿಗಳು ಲೆಕ್ಕಕ್ಕೆ ಸಿಕ್ಕರು. ದಾಖಲೆಗಳಿಲ್ಲದಿದ್ದರೂ ತಕ್ಷಣ ಪ್ರವೇಶ ಕೊಡಬೇಕೆಂಬುದು ನಮ್ಮ ಕಾಯ್ದೆಯಲ್ಲೂ ಇದೆ, ಅಲ್ಲಿಯೂ ಇದೆ. ಅಲ್ಲಿ ಹೆಚ್ಚಾಗಿರುವುದು ಎರಡು ಅಂಶ. ಕುಟುಂಬ ಜಾಗ ಬದಲಿಸಿದರೂ ಮಗುವಿನ ಹಿತಕ್ಕೆ ಅದೇ ಸರಿಯಾದರೆ ಮಗು ಮೊದಲಿನ ಶಾಲೆಯಲ್ಲೇ ಮುಂದುವರಿಯಬಹುದು, ಪೋಷಕರು ಕೋರಿದರೆ ಅದಕ್ಕೆ ಸಾರಿಗೆಯನ್ನೂ ಒದಗಿಸಬೇಕು. ಇನ್ನೊಂದು, ಪ್ರತಿ ಶಾಲಾ ಜಿಲ್ಲೆಯಲ್ಲೂ ಇಂತಹ ಮಕ್ಕಳನ್ನು ಹುಡುಕಿ, ಸೇರಿಸಿ, ಕುಟುಂಬವನ್ನು ಇತರ ಸೌಲಭ್ಯಗಳೊಂದಿಗೆ ಜೋಡಿಸಲು ಒಬ್ಬ ಗೊತ್ತುಪಡಿಸಿದ ಸಿಬ್ಬಂದಿ ಇರಲೇಬೇಕು. ಈ ಕಾಯ್ದೆಯಿಂದ ಅಲ್ಲಿನ ವಸತಿ ಸಮಸ್ಯೆ ತೀರಿಲ್ಲ. ಆದರೆ 'ಯಾರನ್ನು ಕೇಳಬೇಕು' ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಎರಡನೆಯ ಪಾಠ ನೆರೆಯ ಕೇರಳದ್ದು. ಎರ್ನಾಕುಲಂ ಜಿಲ್ಲಾಡಳಿತ 2017ರಲ್ಲಿ 'ರೋಶ್ನಿ' ಎಂಬ ಯೋಜನೆಯನ್ನು ಆರಂಭಿಸಿ, ವಲಸೆ ಕಾರ್ಮಿಕರ ಮಕ್ಕಳಿಗೆ ಅವರ ಮಾತೃಭಾಷೆಯ ಮೂಲಕವೇ ಮಲಯಾಳ ಕಲಿಸಲು ಮುಂದಾಯಿತು. ಮಗುವಿನ ಭಾಷೆ ಬಲ್ಲ ಸ್ವಯಂಸೇವಕರು ತರಗತಿಯಲ್ಲಿದ್ದರೆ ಮೊದಲ ದಿನದ ಅಪರಿಚಿತತೆ ಅರ್ಧ ಕರಗುತ್ತದೆ. ಕನ್ನಡವನ್ನು ಹೊರಗಿನ ಮಕ್ಕಳಿಗೆ ಕಲಿಸಬೇಕೆಂಬ ಆಸೆ ನಮಗೂ ಇದೆ. ಅದಕ್ಕೆ ಕಟ್ಟಡದ ಪಕ್ಕದ ಸರ್ಕಾರಿ ಶಾಲೆಗಿಂತ ಒಳ್ಳೆಯ ಸ್ಥಳ ಯಾವುದಿದೆ?

ಕುಟುಂಬಕ್ಕೆ ನೆರವು ಎಂದರೇನು?

ನಮ್ಮಲ್ಲಿ ಹಣದ, ಯೋಜನೆಗಳ ಕೊರತೆಗಿಂತ ಅವುಗಳನ್ನು ಪೋಣಿಸುವ ದಾರದ ಕೊರತೆ ದೊಡ್ಡದು. ಕಟ್ಟಡ ನಿರ್ಮಾಣದ ವೆಚ್ಚದ ಮೇಲೆ ರಾಜ್ಯದಲ್ಲಿ ಶೇಕಡ 1ರಷ್ಟು ಸುಂಕ ಸಂಗ್ರಹವಾಗಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಸೇರುತ್ತದೆ. ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನವೂ ಇದೆ. ಆದರೆ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಮೇಸ್ತ್ರಿಯಿಂದ ಮೇಸ್ತ್ರಿಗೆ ಬದಲಾಗುವ ದಂಪತಿಗೆ ಅದನ್ನು ಬರೆದು ಕೊಡುವವರು ಯಾರು? ಒಂದೇ ಪಡಿತರ ಚೀಟಿಯಲ್ಲಿ ದೇಶದ ಎಲ್ಲಿಯಾದರೂ ಧಾನ್ಯ ಪಡೆಯುವ ವ್ಯವಸ್ಥೆ ಬಂದಿದೆ. ಅದನ್ನು ಬಳಸುವ ಬಗೆಯನ್ನು ತಿಳಿಸುವವರು ಬೇಕು. ರಾಜ್ಯದ ಶಾಲಾ ಮಕ್ಕಳಿಗೆ ಎಸ್‌ಎಟಿಎಸ್ ಸಂಖ್ಯೆ ಇದೆ. ಊರಿನ ಮುಖ್ಯೋಪಾಧ್ಯಾಯರಿಗೆ ಒಂದು ದೂರವಾಣಿ ಕರೆ ಮಾಡಿ ಆ ಸಂಖ್ಯೆ ಪಡೆದರೆ ಮಗುವಿನ ಹಿಂದಿನ ಓದಿನ ಜಾಡು ಸಿಗುತ್ತದೆ. ಆ ಕರೆ ಮಾಡುವವರು ಬೇಕು.

ಪ್ರತಿ ಕ್ಲಸ್ಟರಿನಲ್ಲಿ ಒಬ್ಬರನ್ನು ಈ ಕೆಲಸಕ್ಕೆಂದೇ ಗೊತ್ತುಪಡಿಸಿ, ಅವರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಪ್ರತಿ ನಿರ್ಮಾಣ ಸ್ಥಳದ ಫಲಕದ ಮೇಲೆ ಬರೆಸುವುದು ಅಸಾಧ್ಯವೇನಲ್ಲ. ಮಗುವನ್ನು ಶಾಲೆಗೆ ಸೇರಿಸುವುದರ ಜೊತೆಗೆ ಕುಟುಂಬ ಮತ್ತೆ ಹೊರಡುವಾಗ ಯಾವ ಊರಿಗೆ ಹೋಗುತ್ತಿದೆ ಎಂದು ಕೇಳಿ, ಅಲ್ಲಿನ ಇಂಥದೇ ಹೊಣೆಗಾರರಿಗೆ ತಿಳಿಸುವುದೂ ಅವರ ಕೆಲಸವಾಗಬೇಕು. ದಾಖಲಾತಿಯ ಅಂಕಿಗಿಂತ, ಸೇರಿದ ಮಗು ಮುಂದಿನ ಊರಿನಲ್ಲೂ ತರಗತಿಯಲ್ಲಿದೆಯೇ ಎಂಬುದೇ ಯಶಸ್ಸಿನ ಅಳತೆಗೋಲು. ಗ್ರಾಮೀಣ ಭಾಗದಲ್ಲಿ ದುಡಿಯುವ ತಾಯಂದಿರ ಕೂಸುಗಳಿಗಾಗಿ ರಾಜ್ಯ ಸರ್ಕಾರ 2023-24ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಆರಂಭಿಸಿತು. ನಗರದ ನಿರ್ಮಾಣ ಸ್ಥಳಗಳಿಗೂ ಅಂಥದೊಂದು ವ್ಯವಸ್ಥೆ ಬಂದರೆ ಅದರ ಲಾಭ ಕೂಸಿಗೆ ಎಷ್ಟೋ, ಅಕ್ಕನಿಗೂ ಅಷ್ಟೇ.

ನಾಗರಿಕರು ಏನು ಮಾಡಬಹುದು?

ಮನೆಯ ಪಕ್ಕದ ಶೆಡ್ಡಿನಲ್ಲಿ ಶಾಲೆಗೆ ಹೋಗದ ಮಕ್ಕಳಿದ್ದರೆ ಮೊದಲು ತಂದೆ-ತಾಯಿಯೊಂದಿಗೆ ಮಾತನಾಡಿ, ಬಳಿಕ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಪ್ರವೇಶಕ್ಕೆ ಜೂನ್ ತಿಂಗಳೇ ಆಗಬೇಕೆಂದಿಲ್ಲ, ಜನನ ಪ್ರಮಾಣಪತ್ರವೂ ಟಿ.ಸಿ.ಯೂ ಕಡ್ಡಾಯವಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಪ್ರವೇಶ ನಿರಾಕರಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ತಿಳಿಸಬಹುದು. ಮಗು ಒಂಟಿಯಾಗಿದ್ದರೆ, ಹಿಂಸೆಗೆ ಅಥವಾ ದುಡಿಮೆಗೆ ಸಿಲುಕಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಆದರೆ ಕುಟುಂಬದೊಂದಿಗೆ ಇರುವ ಮಗುವನ್ನು ಬಡತನವೊಂದೇ ಕಾರಣಕ್ಕೆ 'ರಕ್ಷಿಸಲು' ಹೊರಡುವುದು ಆ ಕುಟುಂಬವನ್ನು ಶಾಲೆಯಿಂದ ಇನ್ನಷ್ಟು ದೂರ ಓಡಿಸುತ್ತದೆ.

ಅಪಾರ್ಟ್‌ಮೆಂಟುಗಳ ನಿವಾಸಿಗಳ ಸಂಘಗಳೂ ನೆರವಾಗಬಹುದು. ಬಳಸದ ಒಂದು ಕೊಠಡಿಯನ್ನು ಹಗಲು ಹೊತ್ತು ಅಂಗನವಾಡಿಗೆ ಬಿಟ್ಟುಕೊಡಬಹುದು. ಹೆದ್ದಾರಿ ದಾಟಬೇಕಾದ ಮಕ್ಕಳನ್ನು ಗುಂಪಾಗಿ ಕರೆದೊಯ್ಯಲು ಒಬ್ಬರನ್ನು ನೇಮಿಸಬಹುದು. ಮನೆ ಕಟ್ಟಿಸುವವರು ಗುತ್ತಿಗೆದಾರರೊಂದಿಗೆ ಸಿಮೆಂಟು, ಕಬ್ಬಿಣದ ಲೆಕ್ಕ ಮಾತನಾಡುವಾಗಲೇ ಕಾರ್ಮಿಕರ ಮಕ್ಕಳು ಎಲ್ಲಿ ಓದುತ್ತಾರೆಂಬ ಪ್ರಶ್ನೆಯನ್ನೂ ಕೇಳಬಹುದು. ಕೆಲಸಗಾರರು ದುಡಿದ ದಿನಗಳ ದೃಢೀಕರಣಕ್ಕೆ ಸಹಿ ಹಾಕಲು ಹಿಂಜರಿಯಬಾರದು.

ಮನೆಯಿಲ್ಲದ ಕುಟುಂಬಕ್ಕೆ ಮನೆ ದೊರಕಿಸಿಕೊಡುವುದು ದೀರ್ಘಕಾಲದ ಕೆಲಸ. ಆದರೆ ಮಗುವಿನ ಬಾಲ್ಯ ಅಷ್ಟು ಕಾಲ ಕಾಯುವುದಿಲ್ಲ. ಆರರಿಂದ ಹದಿನಾಲ್ಕು ಎಂದರೆ ಎಂಟು ವರ್ಷ. ಅದರಲ್ಲಿ ಎರಡು ಗುಳೆ ಹಂಗಾಮು ಕಳೆದರೆ ಓದು ಹಿಂದೆ ಬೀಳುತ್ತದೆ, ನಾಲ್ಕು ಕಳೆದರೆ ಮಗು ತಾನೇ ಕೂಲಿಗೆ ನಿಲ್ಲುತ್ತದೆ. ಶಾಲೆಯ ಬಾಗಿಲನ್ನು ಕಾನೂನು ತೆರೆದಿಟ್ಟು ಒಂದೂವರೆ ದಶಕ ಕಳೆದಿದೆ. ಮಗುವನ್ನೂ ಅದರ ಮನೆಮಂದಿಯನ್ನೂ ಆ ಬಾಗಿಲವರೆಗೆ ಕರೆತರುವ ಕೆಲಸಕ್ಕೆ ಒಬ್ಬರ ಹೆಸರು ಬರೆಯುವುದು ಸರ್ಕಾರದ ಮುಂದಿರುವ ಮುಂದಿನ ಹೆಜ್ಜೆ.